ಜುಲೈನಲ್ಲಿ ಎಕ್ಸ್‌ಟ್ರೆಮದುರಾದ ಖಾಲಿ ರಸ್ತೆಗೆ ಸೈಕಲ್ ಇಳಿಸಬೇಡಿ

ಸ್ಪೇನಿಗೆ ಹೋಗಿ ಸೈಕಲ್ ಹೊಡೆಯಬೇಕು ಅಂತ ಆಸೆ ಇಟ್ಟುಕೊಂಡವರು ಇದನ್ನೊಮ್ಮೆ ಓದಿ. ಅದರಲ್ಲೂ ಖಾಲಿ ರಸ್ತೆ, ಹಳೇ ಕೋಟೆ, ಚರ್ಚಿನ ಗೋಪುರದ ಮೇಲೆ ಕೊಕ್ಕರೆ ಗೂಡು, ಇಂಥ ಫೋಟೋ ನೋಡಿ ಬೇಸಿಗೆಗೆ ಟಿಕೆಟ್ ಮಾಡಿಸಲು ಹೊರಟಿರುವವರು. ಹೋದ ಜುಲೈನಲ್ಲಿ ನಾನೂ ನನ್ನ ಹುಬ್ಬಳ್ಳಿ ಗೆಳೆಯನೂ ಅದೇ ಫೋಟೋ ನೋಡಿಕೊಂಡು ಹೋದವರು. ಅವನು ಡ್ರಿಪ್ ಹಾಕಿಸಿಕೊಂಡು ಮಲಗಿದ. ನಾನು ಪಕ್ಕದಲ್ಲಿ ಸ್ಟೂಲ್ ಮೇಲೆ ಕೂತೆ.

ಆಫೀಸ್ ಕೆಲಸದ ಮೇಲೆ ನಾಲ್ಕು ತಿಂಗಳು ಮ್ಯಾಡ್ರಿಡ್‌ನಲ್ಲಿದ್ದೆವು. ಪ್ಲಾನ್ ಸುಲಭದ್ದೇ. ಸ್ಪೇನಿನ ಪಶ್ಚಿಮ ಭಾಗದ ಎಕ್ಸ್‌ಟ್ರೆಮದುರಾ ಪ್ರಾಂತ್ಯದಲ್ಲಿ ಟ್ರುಹಿಯೊ ಊರಿಂದ ಗ್ವಾದಲೂಪೆಗೆ ಸುಮಾರು 80 ಕಿ.ಮೀ., ರಾತ್ರಿ ಅಲ್ಲೇ ಉಳಿಯೋದು, ಮರುದಿನ ವಾಪಸ್. ಟ್ರುಹಿಯೊ ಅಂದರೆ ಇಂಕಾ ಸಾಮ್ರಾಜ್ಯ ಕೆಡವಿದ ಪಿಸಾರೊ ಹುಟ್ಟಿದ ಊರು, ಚೌಕದಲ್ಲಿ ಕುದುರೆ ಮೇಲೆ ಕೂತ ಅವನ ಕಂಚಿನ ಪ್ರತಿಮೆ ಇದೆ. ಗ್ವಾದಲೂಪೆಯದು ದೊಡ್ಡ ಮಠ, 1993ರಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿದ್ದು. ನಂದಿ ಬೆಟ್ಟ ಎಷ್ಟೋ ಸಲ ಹತ್ತಿದ ನಮಗೆ 80 ಕಿ.ಮೀ. ಏನು ಮಹಾ ಅನ್ನಿಸಿತ್ತು.

ರಸ್ತೆ ಚೆನ್ನಾಗಿರಲಿಲ್ಲ ಅಂತ ನಾನು ಹೇಳುತ್ತಿಲ್ಲ. ರಸ್ತೆ ಬೆಣ್ಣೆ. ಸೈಕಲ್ ದಾಟುವಾಗ ಒಂದೂವರೆ ಮೀಟರ್ ಜಾಗ ಬಿಡಬೇಕು ಅಂತ ಅಲ್ಲಿ ಕಾನೂನೇ ಇದೆ, ಬಂದ ನಾಲ್ಕೈದು ಕಾರುಗಳೂ ಅಷ್ಟೇ ದೂರ ಸರಿದು ಹೋದವು. ಒಬ್ಬನೂ ಹಾರ್ನ್ ಹೊಡೆಯಲಿಲ್ಲ. ಆದರೆ ನಾಲ್ಕೈದೇ ಕಾರು, ನೋಡಿ. ಆಮೇಲೆ ಅದೇ ನಮಗೆ ಮುಳುವಾಯಿತು.

ಮೊದಲ ತಪ್ಪು ಗಡಿಯಾರದ್ದು. ನಮ್ಮ ಲೆಕ್ಕದಲ್ಲಿ ಸೂರ್ಯ ನೆತ್ತಿಗೆ ಬರೋದು ಹನ್ನೆರಡರ ಸುಮಾರಿಗೆ, ಮೂರು ದಾಟಿದರೆ ಬಿಸಿಲು ಇಳೀತು ಅಂತ ಅರ್ಥ. ಅಲ್ಲಿ ಹಾಗಲ್ಲ. ಎಕ್ಸ್‌ಟ್ರೆಮದುರಾ ಇರೋದು ಲಂಡನ್ನಿಗಿಂತ ಪಶ್ಚಿಮಕ್ಕೆ, ಗಡಿಯಾರ ಮಾತ್ರ ಬರ್ಲಿನ್ನಿಂದು. 1940ರಲ್ಲಿ ಸರ್ವಾಧಿಕಾರಿ ಫ್ರಾಂಕೊ ಸರ್ಕಾರ ಮುಳ್ಳನ್ನು ಒಂದು ಗಂಟೆ ಮುಂದಕ್ಕೆ ತಿರುಗಿಸಿತು, ಆಮೇಲೆ ಹಿಂದಕ್ಕೆ ತಿರುಗಿಸಲೇ ಇಲ್ಲ. ಬೇಸಿಗೆಯಲ್ಲಿ ಅದರ ಮೇಲೆ ಇನ್ನೊಂದು ಗಂಟೆ. ಹಾಗಾಗಿ ಜುಲೈನಲ್ಲಿ ಅಲ್ಲಿ ಸೂರ್ಯ ನೆತ್ತಿಗೆ ಬರೋದೇ ಮಧ್ಯಾಹ್ನ ಎರಡೂವರೆ ಹೊತ್ತಿಗೆ, ನಿಜವಾದ ಕಾವು ಸಂಜೆ ಐದು ಆರಕ್ಕೆ. ಇದು ಗೊತ್ತಿಲ್ಲದೆ ನಾವು ಹತ್ತು ಗಂಟೆಗೆ ಆರಾಮಾಗಿ ಟೊಮೆಟೊ ಸವರಿದ ಬ್ರೆಡ್ಡು, ಕಾಫಿ ಮುಗಿಸಿ ಹೊರಟೆವು. ಅವತ್ತು ಸ್ಪೇನಿನ ಹವಾಮಾನ ಇಲಾಖೆ ಆ ಕಡೆಗೆ ಕಿತ್ತಳೆ ಬಣ್ಣದ ಎಚ್ಚರಿಕೆ ಹಾಕಿತ್ತು. ನಾನು ನೋಡಿದ್ದೆ. ಬಳ್ಳಾರಿ ಬಿಸಿಲು ನೋಡಿದವರಿಗೆ ಇದೆಲ್ಲ ಯಾವ ಲೆಕ್ಕ ಅಂತ ಸ್ವೈಪ್ ಮಾಡಿಬಿಟ್ಟೆ.

ಸೊರೀತಾ ಅನ್ನೋ ಊರು ಸುಮಾರು 30 ಕಿ.ಮೀ. ಅಲ್ಲೀವರೆಗೆ ಸ್ವರ್ಗ. ಅಲ್ಲಿ ಒಂದು ಬಾರ್ ತೆರೆದಿತ್ತು, ತಣ್ಣಗೆ ಏನೋ ಕುಡಿದು ಒಂದು ತಾಸು ಕೂತೆವು. ಅಲ್ಲೇ ಕೂತಿರಬೇಕಿತ್ತು. ಒಂದೂವರೆಗೆ ನಾನು ಎದ್ದಾಗ ಗೆಳೆಯ, "ಏ, ಇನ್ನೊಂದು ತಾಸು ಅಷ್ಟೇ, ಆಮೇಲೆ ಬಿಸಿಲು ಇಳೀತೈತಿ ನಡಿ" ಅಂದ. ಇಬ್ಬರಲ್ಲೂ ಎರಡೆರಡು ಬಾಟಲಿ ನೀರು. ಮುಂದಿನ ಊರು ಲೊಗ್ರೊಸಾನ್ 20 ಕಿ.ಮೀ. ಚಿಲ್ಲರೆ, ಒಂದು ಗಂಟೆ ದಾರಿ ಅಲ್ವಾ?

ಆರು ಕಿ.ಮೀ. ಹೋಗುವಷ್ಟರಲ್ಲಿ ನನ್ನ ಹಿಂದಿನ ಚಕ್ರ ಕೂತಿತು. ರಸ್ತೆ ಪಕ್ಕ ಫೋಟೋಗೆ ಅಂತ ಒಣಹುಲ್ಲಿನ ಮೇಲೆ ಸೈಕಲ್ ಇಳಿಸಿದ್ದೆ. ಟೈರ್ ತಿರುಗಿಸಿ ನೋಡಿದರೆ ಐದು ಮುಳ್ಳು. ಗೆಳೆಯ ಒಂದನ್ನು ಉಗುರಲ್ಲಿ ಕಿತ್ತು ಅಂಗೈ ಮೇಲೆ ಇಟ್ಟುಕೊಂಡು ಜೋರಾಗಿ ನಕ್ಕ. ನೆಗ್ಗಿಲ ಮುಳ್ಳು! ನಮ್ಮ ಹೊಲದ ಬದುವಿನಲ್ಲಿ ಬರಿಗಾಲಿಗೆ ಚುಚ್ಚುತ್ತಲ್ಲ, ಅದೇ. ಸ್ಪೇನಿನಲ್ಲೂ ಅದು ಬೇಕಾದಷ್ಟು ಬೆಳೆಯುತ್ತೆ. ಅಷ್ಟು ದೂರ ಹೋಗಿ ಊರಿನ ಮುಳ್ಳು ಚುಚ್ಚಿಸಿಕೊಂಡ ಹಾಗಾಯಿತು.

ನಗು ನಿಂತದ್ದು ಹೊಸ ಟ್ಯೂಬ್ ಹೊರಗೆ ತೆಗೆದಾಗ. ಬಾಡಿಗೆಗೆ ಕೊಟ್ಟವರು ಸೀಟಿನ ಕೆಳಗಿನ ಚೀಲದಲ್ಲಿ ಎರಡು ಟ್ಯೂಬ್, ಒಂದು ಪಂಪ್ ಇಟ್ಟಿದ್ದರು, ನಾವು ತೆಗೆದು ನೋಡಿರಲಿಲ್ಲ. ಚಕ್ರದ ರಿಮ್ ಎತ್ತರದ್ದು, ಕಾರ್ಬನ್ನಿಂದು. ಟ್ಯೂಬಿನ ವಾಲ್ವ್ ಗಿಡ್ಡ. ರಿಮ್ಮಿನ ತೂತಿನಿಂದ ತುದಿ ಇಣುಕಿತು ಅಷ್ಟೇ, ಪಂಪಿನ ಬಾಯಿ ಅದನ್ನು ಹಿಡಿಯಲೇ ಇಲ್ಲ. ಎರಡನೇದೂ ಅದೇ ಗಿಡ್ಡದ್ದು. ಹಳೇ ಟ್ಯೂಬಿಗೆ ಪ್ಯಾಚ್ ಹಾಕೋಣ ಅಂದರೆ ಪ್ಯಾಚ್ ಕೊಟ್ಟಿರಲಿಲ್ಲ. ಅರ್ಧ ಗಂಟೆ ಬಿಸಿಲಲ್ಲಿ ಕುಕ್ಕರುಗಾಲಲ್ಲಿ ಕೂತು ಒದ್ದಾಡಿ ನೀರೆಲ್ಲ ಅಲ್ಲೇ ಖಾಲಿ ಮಾಡಿದೆವು. ದಯವಿಟ್ಟು ಸೈಕಲ್ ತೆಗೆದುಕೊಳ್ಳುವಾಗಲೇ ಅವರ ಎದುರಿಗೆ ಟ್ಯೂಬ್ ಬಿಚ್ಚಿ ರಿಮ್ಮಿಗೆ ಹಿಡಿದು ನೋಡಿ. ಎರಡು ನಿಮಿಷದ ಕೆಲಸ.

ಆಮೇಲೆ ನಡಿಗೆ. ಕೆಳಗೆ ಪೆಡಲಿಗೆ ಸಿಕ್ಕಿಸುವ ಕ್ಲೀಟ್ ಇರೋ ಶೂ, ಡಾಂಬರಿನ ಮೇಲೆ ಟಕ ಟಕ ಟಕ. ರಸ್ತೆಯ ಎರಡೂ ಕಡೆ ಓಕ್ ಮರಗಳ ಹುಲ್ಲುಗಾವಲು, ಅಲ್ಲಿ ಅದಕ್ಕೆ ದೆಹೇಸಾ ಅಂತಾರೆ, ಮರಗಳ ಕೆಳಗೆ ಗುಂಡಗೆ ಕಪ್ಪು ನೆರಳು. ಆದರೆ ನೆರಳಿಗೂ ನಮಗೂ ನಡುವೆ ಉದ್ದಕ್ಕೂ ತಂತಿ ಬೇಲಿ, ಬೇಟೆಗೆ ಕಾಯ್ದಿಟ್ಟ ಖಾಸಗಿ ಜಾಗ ಅಂತ ಅಲ್ಲಲ್ಲಿ ಬೋರ್ಡು. ಒಳಗೆ ಹಸುಗಳು ನೆರಳಲ್ಲಿ ಮಲಗಿ ಮೆಲುಕು ಹಾಕುತ್ತಾ ನಮ್ಮನ್ನೇ ನೋಡುತ್ತಿದ್ದವು. ಒಂದು ದನದ ತೊಟ್ಟಿ ಸಿಕ್ಕಿತು, ಅದರ ಮೇಲೆ ಕುಡಿಯಲು ಯೋಗ್ಯವಲ್ಲ ಅಂತ ಬರೆದಿತ್ತು. ಗೆಳೆಯ ಕುಡಿಯಲು ಹೋದ, ನಾನು ಎಳೆದೆ. ತಲೆಗೆ, ಅಂಗಿಗೆ ಸುರಿದುಕೊಂಡೆವು, ಐದೇ ನಿಮಿಷಕ್ಕೆ ಒಣಗಿತು.

ಮ್ಯಾಪಲ್ಲಿ ಲೊಗ್ರೊಸಾನ್ ಪಕ್ಕ ಹಳೇ ರೈಲು ದಾರಿ ಕಂಡಿತ್ತು. ಸ್ಟೇಷನ್ ಮುಟ್ಟಿದರೆ ಬಚಾವ್ ಅಂತ ಅದನ್ನೇ ಜಪಿಸುತ್ತಾ ನಡೆದೆ. ಆಮೇಲೆ ಗೊತ್ತಾಯಿತು, ಆ ಲೈನ್ ಕಟ್ಟಲು ಹೊರಟು ಅರ್ಧಕ್ಕೇ ಬಿಟ್ಟಿದ್ದಾರೆ, ಅದರ ಮೇಲೆ ರೈಲು ಸಂಚಾರ ಶುರುವಾಗಲೇ ಇಲ್ಲ. ಈಗ ಅದು ನಡೆಯುವವರ, ಸೈಕಲ್ಲಿನವರ ದಾರಿ.

ನಾಲ್ಕೂವರೆ ಹೊತ್ತಿಗೆ ಗೆಳೆಯ ಸುಮ್ಮನಾದ. ಮಾತಾಡದೆ ಇರುವವನಲ್ಲ ಅವನು. ತಿರುಗಿ ನೋಡಿದರೆ ತೋಳಿನ ಮೇಲೆ ಚಳಿಗೆ ಏಳುವ ಹಾಗೆ ಗುಳ್ಳೆ, ಬೆವರೇ ಇಲ್ಲ. "ಚಳಿ ಹತ್ತೇತಿ" ಅಂದ. ಹ್ಯಾಂಡಲ್ಲಿನ ಕಂಪ್ಯೂಟರ್ 44 ತೋರಿಸುತ್ತಿತ್ತು, ಬಿಸಿಲಿಗೆ ಇಟ್ಟಿದ್ದರಿಂದ ಸ್ವಲ್ಪ ಜಾಸ್ತಿಯೇ ತೋರಿಸಿರಬಹುದು, ಆದರೂ ಆ ಕಾವಲ್ಲಿ ಚಳಿ ಅಂದರೆ ನನಗೆ ಕಾಲು ನಡುಗಿತು. ಸಿಗ್ನಲ್ ಬಂದು ಹೋಗಿ ಮಾಡುತ್ತಿತ್ತು. 112 ಒತ್ತಿದೆ, ಕಟ್ ಆಯಿತು. ಬೇಲಿ ಬೋರ್ಡಿನ ಅಷ್ಟಗಲದ ನೆರಳಲ್ಲಿ ಅವನ ತಲೆ ಇಟ್ಟು ಕೂರಿಸಿದೆ. ಇಪ್ಪತ್ತು ನಿಮಿಷ ಒಂದು ವಾಹನ ಬರಲಿಲ್ಲ. ಬೆಳಗ್ಗೆ ಇದೇ ಖಾಲಿ ರಸ್ತೆಯ ವಿಡಿಯೊ ಮಾಡಿ ಮನೆಗೆ ಕಳಿಸಿದ್ದೆ.

ಕೊನೆಗೆ ಬಂದದ್ದು ಒಂದು ಪಿಕಪ್, ಹಿಂದೆ ಕರುವಿನಷ್ಟು ದೊಡ್ಡ ಕುರಿ ಕಾಯೋ ನಾಯಿ. ಓಡಿಸುತ್ತಿದ್ದ ಅಜ್ಜ ನಮ್ಮನ್ನು ನೋಡಿ ಬೈದ, ಎಲ್ಲ ಅರ್ಥವಾಗಲಿಲ್ಲ, ಆದರೆ ಬೈಗುಳ ಅಂತ ಗೊತ್ತಾಯಿತು. ಬೈಯುತ್ತಲೇ ಐದು ಲೀಟರಿನ ಕ್ಯಾನ್ ಇಳಿಸಿದ. ಲೊಗ್ರೊಸಾನ್‌ನಲ್ಲಿ ಭಾನುವಾರದ ಆ ಹೊತ್ತಿಗೆ ಅಂಗಡಿ, ಬಾರು, ಕಿಟಕಿ ಎಲ್ಲ ಮುಚ್ಚಿತ್ತು. ಬೀದಿಯಲ್ಲಿ ಬೆಕ್ಕೂ ಇಲ್ಲ. ಅಂದರೆ ನಾವಾಗಿಯೇ ತಲುಪಿದ್ದರೂ ಒಂದು ಬಾಟಲಿ ನೀರು ಕೊಳ್ಳಲು ಆಗುತ್ತಿರಲಿಲ್ಲ. ಅಜ್ಜ ನೇರ ಆಸ್ಪತ್ರೆ ಬಾಗಿಲಿಗೇ ಗಾಡಿ ತಂದ. ರಾತ್ರಿ ಹತ್ತಕ್ಕೆ ಗೆಳೆಯ ಬಾಯಿ ತೆರೆದು ಅಂದದ್ದು, "ಸೈಕಲ್ ಎಲ್ಲೈತಿ?"

ಸೈಕಲ್ ವಿಷಯಕ್ಕೆ ಬಂದರೆ, ಗಾಳಿ ಇಲ್ಲದ ಚಕ್ರ ಉರುಳಿಸಿದ್ದಕ್ಕೆ ರಿಮ್ ಗೀಚಿದೆ ಅಂತ ಡೆಪಾಸಿಟ್‌ನಲ್ಲಿ 90 ಯೂರೊ ಮುರಿದುಕೊಂಡರು. ಗಿಡ್ಡ ವಾಲ್ವಿನ ಮಾತೆತ್ತಿದರೆ, ನೀವು ಸಹಿ ಹಾಕಿದ್ದೀರಲ್ಲ ಅಂದರು. ಹಾಕಿದ್ದೆ, ಹೌದು. ಓದಿರಲಿಲ್ಲ.

ಹೋಗಲೇಬೇಕು ಅಂದರೆ ಏಪ್ರಿಲ್‌ನಲ್ಲೋ ಅಕ್ಟೋಬರ್‌ನಲ್ಲೋ ಹೋಗಿ. ಬೇಸಿಗೆಯಲ್ಲೇ ಸಿಕ್ಕಿಹಾಕಿಕೊಂಡಿದ್ದರೆ ಬೆಳಗ್ಗೆ ಆರಕ್ಕೆ ಹೊರಟು ಹನ್ನೊಂದಕ್ಕೆ ಮುಗಿಸಿ. ಆರಕ್ಕೆ ಅಲ್ಲಿ ಇನ್ನೂ ಕತ್ತಲೆ, ಊರಾಚೆ ಹೆಲ್ಮೆಟ್ ಕಡ್ಡಾಯ, ಕತ್ತಲಲ್ಲಿ ಲೈಟು, ಹೊಳೆಯುವ ಜಾಕೆಟ್ ಕೂಡ. ಭಾನುವಾರ ಬೇಡ. ನೀರು ತಲೆಗೆ ಮೂರು ಲೀಟರಾದರೂ ಇರಲಿ, ಬಾಯಿಂದ ಕುಡಿಯುವ ಲವಣದ ಪುಡಿ ಶನಿವಾರವೇ ಫಾರ್ಮಸಿಯಿಂದ ತಂದಿಟ್ಟುಕೊಳ್ಳಿ.

ಗ್ವಾದಲೂಪೆಗೆ ಮರುದಿನ ಟ್ಯಾಕ್ಸಿಯಲ್ಲಿ ಹೋದೆವು. ಮಠದ ಎದುರಿನ ಚೌಕದಲ್ಲಿ ಒಂದು ಕಾರಂಜಿ ಇದೆ. ಕೊಲಂಬಸ್ ಅಮೆರಿಕದಿಂದ ಕರೆತಂದ ಇಬ್ಬರು "ಇಂಡಿಯನ್ನರಿಗೆ" 1496ರಲ್ಲಿ ಅಲ್ಲೇ ಜ್ಞಾನಸ್ನಾನ ಆಯಿತು ಅಂತ ಊರವರು ಹೇಳುತ್ತಾರೆ. "ಅವರು ಡೂಪ್ಲಿಕೇಟ್, ನಾವು ಒರಿಜಿನಲ್" ಅಂದ ಗೆಳೆಯ. ಟ್ಯಾಕ್ಸಿ ಇಪ್ಪತ್ತು ಹೆಜ್ಜೆ ದೂರದಲ್ಲಿ ಎಸಿ ಹಾಕಿಕೊಂಡು ನಿಂತಿತ್ತು. ಅವನು ಮಾತ್ರ ಕಾರಂಜಿ ಸುತ್ತ ಬೋರ್ಡ್ ಏನಾದರೂ ಇದೆಯಾ ಅಂತ ಎರಡು ಸುತ್ತು ನೋಡಿ, ಬೆಂಚಿನ ಮೇಲಿದ್ದ ಅಜ್ಜಿಯನ್ನು ಕೈಸನ್ನೆಯಲ್ಲಿ ಕೇಳಿ, ಎರಡೂ ಬಾಟಲಿ ತುಂಬಿಸಿಕೊಂಡ.