ಬಿಗಿ ಎಕ್ಸಲರೇಟರ್‌ಗೆ ಅಂಗೈ ಕ್ಲಿಪ್: ಒಂದು ಮಳೆಗಾಲ, ಒಂದು ಕೊಯ್ಲು ಬಳಸಿದ ಮೇಲೆ

ಬೈಕಿನ ಎಕ್ಸಲರೇಟರ್ ಹಿಡಿಗೆ ಸಿಕ್ಕಿಸುವ ಅಗಲ ನಾಲಿಗೆಯ ಪ್ಲಾಸ್ಟಿಕ್ ಕ್ಲಿಪ್ ಇದು. ಆನ್‌ಲೈನ್‌ನಲ್ಲಿ ಥ್ರಾಟಲ್ ಅಸಿಸ್ಟ್ ಅಂತ ಹುಡುಕಿದರೆ ಸಿಗುತ್ತದೆ. ನಾನು ಕೊಟ್ಟದ್ದು 180 ರೂಪಾಯಿ. ವಸ್ತು ಚೆನ್ನಾಗಿದೆ, ತಗೊಳ್ಳಬಹುದು. ಆದರೆ ಹಿಡಿಯಿಂದ ಎಂಜಿನ್ ಕಡೆ ಹೋಗುವ ಎಕ್ಸಲರೇಟರ್ ಕೇಬಲ್ ಸರಿಯಿಲ್ಲದ ಗಾಡಿಗೆ ಇದನ್ನು ದಯವಿಟ್ಟು ಹಾಕಬೇಡಿ. ಯಾಕೆ ಅಂತ ಸ್ವಲ್ಪ ಉದ್ದಕ್ಕೇ ಹೇಳುತ್ತೇನೆ.

ನಾನು ಕಾಫಿ ತೋಟದಲ್ಲಿ ರೈಟರ್. ನಮ್ಮ ಸಾಹುಕಾರರ ತೋಟಗಳು ಕೊಡಗಿನ ಮಾದಾಪುರ, ಸುಂಟಿಕೊಪ್ಪ, ಸೋಮವಾರಪೇಟೆ ಕಡೆ ಚದುರಿವೆ. ಬೆಳಿಗ್ಗೆ ಒಂದು ಕಡೆ ಹಾಜರಿ, ಸಂಜೆ ಇನ್ನೊಂದು ಕಡೆ ಹಣ್ಣಿನ ತೂಕ. ನಡುವೆ ಬ್ಯಾಂಕು, ಗೊಬ್ಬರದ ಅಂಗಡಿ. ಗಾಡಿ ಕಾರ್ಬುರೇಟರ್ ಇರುವ ಹಳೆಯ ಬುಲೆಟ್ 350, ಸೆಕೆಂಡ್ ಹ್ಯಾಂಡ್. ಕಳೆದ ಮಳೆಗಾಲದಲ್ಲಿ ಅದರ ಎಕ್ಸಲರೇಟರ್ ದಿನದಿಂದ ದಿನಕ್ಕೆ ಬಿಗಿಯಾಗುತ್ತಾ ಬಂತು. ಸಂಜೆ ಹಾಜರಿ ಪುಸ್ತಕದಲ್ಲಿ ಬರೆಯಲು ಕೂತರೆ ಪೆನ್ನು ಹಿಡಿಯಲು ಆಗುತ್ತಿರಲಿಲ್ಲ. ಹೆಬ್ಬೆರಳಿನ ಬುಡ ನೋವು, ಕಿರುಬೆರಳು ಮತ್ತು ಉಂಗುರದ ಬೆರಳು ಜೋಮು. ಕೂಲಿ ಲೆಕ್ಕ ಬರೆಯುವವನಿಗೆ ಬಲಗೈ ಹೋದರೆ ಕೆಲಸವೇ ಹೋದಂತೆ ಅಲ್ವಾ.

ಕ್ಲಿಪ್ ತರಿಸುವ ಮೊದಲು ಗಾಡಿಯನ್ನು ಮಾದಾಪುರದ ನಮ್ಮ ಮೆಕ್ಯಾನಿಕ್ ಹತ್ತಿರ ಬಿಟ್ಟೆ. ಆತ ಹಿಡಿಯನ್ನು ಪೂರ್ತಿ ತಿರುಗಿಸಿ ಕೈಬಿಟ್ಟ. ಅದು ಟಪ್ ಅಂತ ವಾಪಸ್ ಬರಬೇಕಿತ್ತು, ನಿಧಾನಕ್ಕೆ ಬಂತು. "ಅಣ್ಣಾ, ಇದು ನಿಮ್ಮ ಕೈಯ ತೊಂದರೆ ಅಲ್ಲ, ಕೇಬಲ್‌ದು. ಬಿಚ್ಚಿ ನೋಡೋಣ" ಅಂದ. ಬಿಚ್ಚಿದಾಗ ಒಳಗಿನ ತಂತಿಯ ಎರಡು ಮೂರು ಎಳೆ ತುಂಡಾಗಿ ಹೊರಗೆ ಚುಚ್ಚಿಕೊಂಡಿದ್ದವು, ಮೇಲಿಡೀ ತುಕ್ಕು. ನಮ್ಮ ಮಳೆಯಲ್ಲಿ ನೀರು ಕೇಬಲ್‌ನ ಮೇಲಿನ ತುದಿಯಿಂದ ಒಳಗೆ ಇಳಿಯುತ್ತದೆ, ವಾರಗಟ್ಟಲೆ ಒಣಗುವುದಿಲ್ಲ. ಇನ್ನೊಂದು ಕಾರಣವೂ ಇತ್ತು. ಹಿಂದಿನ ಮಾಲೀಕರು ಎತ್ತರದ ಹ್ಯಾಂಡಲ್ ಹಾಕಿಸಿದ್ದರು, ಕೇಬಲ್ ಮಾತ್ರ ಕಂಪನಿಯದೇ. ಅದಕ್ಕೆ ಉದ್ದ ಸಾಲದೆ ಟ್ಯಾಂಕಿನ ಹತ್ತಿರ ಚೂಪಾಗಿ ಬಾಗಿತ್ತು. ಬಾಗಿದ ಕಡೆ ತಂತಿ ಹೊರಕವಚಕ್ಕೆ ಉಜ್ಜುತ್ತದೆ. ಕಾರ್ಬುರೇಟರ್ ಸ್ಪ್ರಿಂಗಿನ ಜೊತೆ ಆ ಉಜ್ಜಾಟವನ್ನೂ ನಮ್ಮ ಮಣಿಕಟ್ಟೇ ಎಳೆಯಬೇಕು.

ಉದ್ದದ ಹೊಸ ಕೇಬಲ್ ಹಾಕಿ, ದೊಡ್ಡ ಬಳುಕಿನಲ್ಲಿ ಸುತ್ತಿಸಿ ತಂದ. ಹಿಡಿಯ ಒಳಗಿನ ಪ್ಲಾಸ್ಟಿಕ್ ಕೊಳವೆ ಬಿಚ್ಚಿದರೆ ಕೆಸರು ಮತ್ತು ಹಳೆ ಗ್ರೀಸ್ ಸೇರಿ ಗಟ್ಟಿಯಾಗಿತ್ತು. ಅದನ್ನು ಸೀಮೆಎಣ್ಣೆಯಲ್ಲಿ ತೊಳೆದು ಒಣಗಿಸಿದ. ಅಲ್ಲಿ ಮತ್ತೆ ಗ್ರೀಸ್ ಮೆತ್ತಲಿಲ್ಲ, ಧೂಳು ಹಿಡಿಯುತ್ತದೆ ಅಂತ. ಕೊನೆಗೆ ಎಂಜಿನ್ ಚಾಲೂ ಇಟ್ಟು ಹ್ಯಾಂಡಲನ್ನು ಆ ತುದಿಯಿಂದ ಈ ತುದಿಗೆ ತಿರುಗಿಸಿದ. ರೇಸ್ ತಾನಾಗಿ ಏರಿದರೆ ಕೇಬಲ್ ಎಳೆಯುತ್ತಿದೆ ಎಂದರ್ಥ. ಏರಲಿಲ್ಲ. ಈ ಪರೀಕ್ಷೆ ಯಾರು ಬೇಕಾದರೂ ಮನೆ ಅಂಗಳದಲ್ಲೇ ಮಾಡಬಹುದು, ಖಂಡಿತ ಮಾಡಿ.

ಕೇಬಲ್ ಬರೀ ಒಣಗಿದ್ದರೆ ಬದಲಿಸಬೇಕಾಗಿಲ್ಲ. ಮೇಲಿನ ತುದಿ ಕಳಚಿ, ಪ್ಲಾಸ್ಟಿಕ್ ಕವರನ್ನು ಆಲಿಕೆ ಮಾಡಿ ಕಟ್ಟಿ, ಹೊಲಿಗೆ ಮೆಷಿನ್ನಿನ ತೆಳು ಎಣ್ಣೆ ಹಾಕಿ ರಾತ್ರಿ ನೇತುಬಿಟ್ಟರೆ ಸಾಕು. ಒಳಗೆ ಪ್ಲಾಸ್ಟಿಕ್ ಪದರ ಇರುವ ಕೇಬಲ್‌ಗೆ ಗಟ್ಟಿ ಗ್ರೀಸ್ ತುಂಬಬಾರದು, ಇನ್ನೂ ಬಿಗಿಯಾಗುತ್ತದೆ. ಹಗುರವಾಗಲಿ ಅಂತ ಸ್ಪ್ರಿಂಗ್ ಕತ್ತರಿಸಿಕೊಡುವವರೂ ಇದ್ದಾರೆ. ಅದಕ್ಕೆ ಮಾತ್ರ ಒಪ್ಪಬೇಡಿ. ಕೈಬಿಟ್ಟಾಗ ರೇಸ್ ಇಳಿಸುವುದೇ ಆ ಸ್ಪ್ರಿಂಗ್.

ಇಷ್ಟಾದ ಮೇಲೆ ಮುಕ್ಕಾಲು ನೋವು ಹೋಯಿತು. ಉಳಿದ ಕಾಲು ಭಾಗಕ್ಕೆ ಕ್ಲಿಪ್.

ಅದು ಮಾಡುವ ಕೆಲಸ ಸರಳ. ಎಕ್ಸಲರೇಟರ್ ತೆರೆದೇ ಇಡಬೇಕಾದರೆ ನಾವು ಬೆರಳುಗಳಿಂದ ಹಿಡಿಯನ್ನು ಬಿಗಿಯಾಗಿ ಅವುಚಿಕೊಂಡಿರುತ್ತೇವೆ. ಕ್ಲಿಪ್ ಇದ್ದರೆ ಅಂಗೈಯ ಬುಡವನ್ನು, ಅಂದರೆ ಮಣಿಕಟ್ಟಿನ ಹತ್ತಿರದ ಭಾಗವನ್ನು, ಅದರ ಮೇಲೆ ಒತ್ತಿಟ್ಟರಾಯಿತು. ಬೆರಳು ಸಡಿಲ ಬಿಡಬಹುದು. ಕುಶಾಲನಗರ ದಾಟಿ ಪಿರಿಯಾಪಟ್ಟಣ, ಹುಣಸೂರು ಕಡೆ ಒಂದೇ ವೇಗದಲ್ಲಿ ಹೋಗುವಾಗ ಇದರ ಬೆಲೆ ಗೊತ್ತಾಗುತ್ತದೆ. ಮೈಸೂರಿನಲ್ಲಿ ಗಾಡಿ ನಿಲ್ಲಿಸಿ ಇಳಿದಾಗ ಬೆರಳುಗಳು ನನ್ನ ಮಾತು ಕೇಳುತ್ತಿದ್ದವು. ನಿಜವಾಗಿ ಖುಷಿಯಾಯಿತು.

ನಮ್ಮ ಗುಡ್ಡದ ರಸ್ತೆಯಲ್ಲಿ ಕಥೆ ಬೇರೆ. ಮಾದಾಪುರದಿಂದ ಹಟ್ಟಿಹೊಳೆ ಮೇಲೆ ಮಡಿಕೇರಿಗೆ ಹೋಗಿ ನೋಡಿ, ತಿರುವು ಮುಗಿಯುವ ಮೊದಲೇ ಇನ್ನೊಂದು ತಿರುವು. ಕೈ ಸದಾ ಬ್ರೇಕಿಗೆ ಹೋಗುತ್ತದೆ. ಬ್ರೇಕ್ ಹಿಡಿಯಲು ಬೆರಳು ಮುಂದೆ ಚಾಚಿದಾಗ ಅಂಗೈ ಕ್ಲಿಪ್ಪನ್ನು ಒತ್ತಿಬಿಟ್ಟರೆ, ಬ್ರೇಕ್ ಜೊತೆ ರೇಸೂ ಏರುತ್ತದೆ. ಇದು ಸಣ್ಣ ವಿಷಯ ಅಲ್ಲ. ಆದ್ದರಿಂದ ಕೂರಿಸುವ ಜಾಗ ಮುಖ್ಯ. ರೇಸ್ ಕೊಡದೆ ಇರುವಾಗ ಕ್ಲಿಪ್ ಅಂಗೈಗೆ ತಾಗಬಾರದು, ಸ್ವಲ್ಪ ತಿರುಗಿಸಿದ ಮೇಲಷ್ಟೇ ಸಿಗಬೇಕು. ಘಾಟಿ ಶುರುವಾಗುವ ಮೊದಲು ನಾನು ಗಾಡಿ ನಿಲ್ಲಿಸಿ ಅದನ್ನು ಕಳಚಿ ಜೇಬಿಗೆ ಹಾಕುತ್ತೇನೆ. ಸಂಪಾಜೆ ಕಡೆ ಇಳಿಯುವವರೂ ಹಾಗೇ ಮಾಡಿ. ಹಿಡಿಯನ್ನು ಒಂದೇ ಕಡೆ ಹಿಡಿದು ನಿಲ್ಲಿಸುವ ಥ್ರಾಟಲ್ ಲಾಕ್ ಅಂತ ಬೇರೊಂದು ಸಾಮಾನು ಬರುತ್ತದೆ, ಅದು ನಮ್ಮ ಕಡೆಗೆ ಬೇಡವೇ ಬೇಡ. ಆನೆಕಾಡಿನಲ್ಲಿ ರಸ್ತೆಗೆ ಆನೆ ಬಂದಾಗ ಕೈಬಿಟ್ಟ ತಕ್ಷಣ ರೇಸ್ ಇಳಿಯಲೇಬೇಕು.

ಮಳೆಯಲ್ಲಿ ಎರಡು ಕೊರತೆ ಕಂಡವು. ಒದ್ದೆ ರಬ್ಬರ್ ಮೇಲೆ ಕ್ಲಿಪ್ ಜಾರುತ್ತದೆ. ಹಳೆ ಸೈಕಲ್ ಟ್ಯೂಬಿನ ತುಂಡೊಂದನ್ನು ಅಡಿಗೆ ಸುತ್ತಿದ ಮೇಲೆ ನಿಂತಿದೆ. ಇನ್ನೊಂದು, ರೈನ್‌ಕೋಟಿನ ತೋಳು ಅದಕ್ಕೆ ಸಿಕ್ಕಿಕೊಳ್ಳುತ್ತದೆ. ತೋಳಿನ ತುದಿಯನ್ನು ಗ್ಲೌಸ್ ಒಳಗೆ ತುರುಕಿಕೊಳ್ಳಿ.

ಜೊತೆಗೆ ಫೋಮ್ ಹಿಡಿ ಕವರೂ ತರಿಸಿದ್ದೆ. ಬೇಸಿಗೆಯಲ್ಲಿ ನಡುಕ ಕಡಿಮೆ ಮಾಡುತ್ತದೆ, ನಿಜ. ಜೂನ್ ಬಂದರೆ ಸ್ಪಂಜಿನಂತೆ ನೀರು ಕುಡಿದು ಕೂರುತ್ತದೆ. ಕೈ ಚಿಕ್ಕದಿರುವವರಿಗೆ ದಪ್ಪ ಹಿಡಿಯಿಂದ ಆಯಾಸ ಜಾಸ್ತಿಯೇ ಆಗುತ್ತದೆ. ನಾನು ತೆಗೆದುಹಾಕಿದೆ. ಅದಕ್ಕಿಂತ ಬ್ರೇಕ್ ಲಿವರನ್ನು ಸ್ವಲ್ಪ ಕೆಳಗೆ ತಿರುಗಿಸಿ, ಮೊಣಕೈಯಿಂದ ಬೆರಳ ತನಕ ಒಂದೇ ಗೆರೆ ಬರುವಂತೆ ಮಾಡಿಕೊಂಡದ್ದು ಹೆಚ್ಚು ಕೆಲಸಕ್ಕೆ ಬಂತು. ಒಂದು ಸ್ಪ್ಯಾನರ್ ಸಾಕು, ಖರ್ಚಿಲ್ಲ.

ಗಾಡಿ ಬಿಟ್ಟ ಮೇಲೂ ಬೆರಳಿನ ಜೋಮು ಇಳಿಯದಿದ್ದರೆ, ರಾತ್ರಿ ಜೋಮಿನಿಂದ ಎಚ್ಚರವಾಗುತ್ತಿದ್ದರೆ ಡಾಕ್ಟರಿಗೆ ತೋರಿಸಿ. ಅದು ನರ ಒತ್ತಿಕೊಂಡಿರುವ ಲಕ್ಷಣ ಇರಬಹುದು, ಯಾವ ಕ್ಲಿಪ್ಪಿನಿಂದಲೂ ವಾಸಿಯಾಗುವುದಿಲ್ಲ.

ತರಿಸುವವರು ನಿಮ್ಮ ಹಿಡಿಯ ದಪ್ಪ ಅಳೆದು ನೋಡಿ. ತುಂಬಾ ಬಿಗಿಯಾದದ್ದನ್ನು ಒತ್ತಿ ಸಿಕ್ಕಿಸಿದರೆ ಬಾಯಿ ಹತ್ತಿರ ಬಿರುಕು ಬಿಡುತ್ತದೆ. ಹ್ಯಾಂಡಲ್ ತುದಿಯ ತೂಕಕ್ಕೋ ಬ್ರೇಕ್ ಲಿವರಿಗೋ ತಾಗದಂತೆ ಕೂರಿಸಿ, ಹೊರಡುವ ಮೊದಲು ಒಮ್ಮೆ ರೇಸ್ ಕೊಟ್ಟು ಕೈಬಿಟ್ಟು ನೋಡಿ.