ಹಳೆಯ ಐವಿ ಅಂಗಿ ಕೊಳ್ಳುವವರೇ, ಮೊದಲು ಕಾಲರ್ ಮಗುಚಿ ನೋಡಿ

ಇಲ್ಲಿ ಅಮೆರಿಕದಲ್ಲಿ ಹಳೆಯ ಐವಿ ಅಂಗಿಗಳನ್ನು, ಅಂದರೆ ಹಿಂದೆ ಐವಿ ಲೀಗ್ ಕಾಲೇಜುಗಳ ಹುಡುಗರು ತೊಡುತ್ತಿದ್ದ ಮಾದರಿಯವನ್ನು, ಆನ್‌ಲೈನ್‌ನಲ್ಲಿ ಕೊಳ್ಳುವ ಕನ್ನಡಿಗರು ದಯವಿಟ್ಟು ಓದಿ. 140 ಡಾಲರ್ ಹೋಯಿತು. ದುಡ್ಡು ಹಾಳಾಗಲಿ, ದಾವಣಗೆರೆಯ ದರ್ಜಿಯ ಮಗನಾಗಿ ನಾನೇ ಮೋಸಹೋದೆನಲ್ಲ! ಊರಿಗೆ ಫೋನ್ ಮಾಡಿದಾಗ ಅಪ್ಪನಿಗೆ ಹೇಳಲು ಬಾಯಿ ಬರಲಿಲ್ಲ.

ಜಾಹೀರಾತಿನಲ್ಲಿದ್ದದ್ದು ಇಷ್ಟು: 1960ರ ದಶಕದ ಆಕ್ಸ್‌ಫರ್ಡ್ ಬಟನ್‌ಡೌನ್ (ದಪ್ಪ ನೇಯ್ಗೆಯ ಹತ್ತಿ ಬಟ್ಟೆಯ, ಕಾಲರಿನ ಎರಡು ತುದಿಗಳಿಗೂ ಗುಂಡಿ ಹಾಕುವ ಅಂಗಿ), ಅಮೆರಿಕದಲ್ಲೇ ಹೊಲಿದದ್ದು, ಬಕ್ರಂ (ಬಿರುಸಾಗಲೆಂದು ಒಳಗಿಡುವ ಬಟ್ಟೆ) ಇಲ್ಲದ ಕಾಲರ್, ಬೆನ್ನಿಗೆ ಲೂಪ್, ಕಾಲರ್ ಹಿಂದೆ ಮೂರನೆಯ ಗುಂಡಿ. ಚಿತ್ರದಲ್ಲಿ ಕಾಲರ್ ಟೈ ಗಂಟಿನ ಎರಡೂ ಕಡೆ ಕಮಾನಿನಂತೆ ಉಬ್ಬಿ ಬಾಗಿತ್ತು. ಐವಿ ಅಂಗಿಯ ಜೀವವೇ ಆ ಬಾಗು. ಕಾಲರ್ ಮೆತ್ತಗಿದ್ದು, ತುದಿ ಎಂಟೂವರೆ ಸೆಂಟಿಮೀಟರಿನಷ್ಟು ಉದ್ದವಿದ್ದರೆ ತಾನಾಗಿ ಬರುತ್ತದೆ.

ಪೊಟ್ಟಣ ಬಿಚ್ಚಿ ಮುಟ್ಟಿದ ಕೂಡಲೇ ಬೆರಳಿಗೆ ಗೊತ್ತಾಯಿತು. ರಟ್ಟಿನಂತೆ ಬಿರುಸು. ಒಳಗೆ ಅಂಟಿಸಿದ ಬಕ್ರಂ! ತುದಿ ಅಳೆದರೆ ಬರೀ ಏಳು ಸೆಂಟಿಮೀಟರ್. ಕಾಲರ್ ಮಗುಚಿದೆ. ಹಿಂದಿನ ಗುಂಡಿಗೆ ಕಾಜಾವೇ ಇಲ್ಲ. ಕಾಲರಿನ ಮೇಲೆ ಗುಂಡಿ ಇಟ್ಟು ಹೊಲಿದುಬಿಟ್ಟಿದ್ದಾರೆ. ಉಳಿದ ಗುಂಡಿಗಳ ದಾರ ಹಳದಿಗಟ್ಟಿದೆ, ಇದರ ದಾರ ಹೊಚ್ಚ ಹೊಸದು. ಕಾಜಾ ಇಲ್ಲದ ಗುಂಡಿ! ಎಷ್ಟು ಹೊತ್ತು ಅದನ್ನೇ ನೋಡುತ್ತ ಕುಳಿತಿದ್ದೆನೋ.

ಮಾರಿದವನಿಗೆ ಬರೆದು ಕೇಳಿದೆ. "ಒಂದೆರಡು ಸಲ ಒಗೆಯಿರಿ, ಬಾಗು ಬರುತ್ತದೆ" ಎಂದ. ಅಂಟಿಸಿದ ಬಕ್ರಂ ನೂರು ಸಲ ಒಗೆದರೂ ಹಾಗೆ ಬಾಗುವುದಿಲ್ಲ, ಗುಳ್ಳೆ ಏಳಬಹುದು ಅಷ್ಟೇ. ಗುಂಡಿಯ ಚಿತ್ರ ಕಳಿಸಿದೆ. "ಆ ಕಾಲದ ಅಂಗಿಗಳು ಒಂದರಂತೆ ಒಂದಿರುತ್ತಿರಲಿಲ್ಲ" ಎಂದ.

ಆಮೇಲೆ ಪಕ್ಕದ ಹೊಲಿಗೆಯಲ್ಲಿ ಕತ್ತರಿಸಿ ಉಳಿದ ಪಟ್ಟಿಯ ತುಂಡು ಸಿಕ್ಕಿತು. ಒಗೆಯುವ, ಇಸ್ತ್ರಿ ಮಾಡುವ ಚಿಹ್ನೆಗಳ ಸಾಲು. ಇಂಥ ಪಟ್ಟಿ ಇಲ್ಲಿ ಕಡ್ಡಾಯವಾದದ್ದೇ 1972ರಲ್ಲಿ. ಪದಗಳಿಲ್ಲದೆ ಬರೀ ಚಿಹ್ನೆ ಸಾಕೆಂದದ್ದು 1997ರಲ್ಲಿ. ಇದನ್ನೂ ಬರೆದೆ. ಬಂದ ಉತ್ತರ: "ಮಾರಿದ್ದನ್ನು ಹಿಂದಕ್ಕೆ ಪಡೆಯುವುದಿಲ್ಲ. ತೊಟ್ಟರೆ ಯಾರಿಗೂ ಗೊತ್ತಾಗುವುದಿಲ್ಲ."

ನನಗೆ ಗೊತ್ತಾಗುತ್ತದಲ್ಲ!

ಬೆನ್ನಿನ ಲೂಪ್ ನೋಡಿ ಮರುಳಾಗಬೇಡಿ, ಅದನ್ನು ಐದು ನಿಮಿಷದಲ್ಲಿ ಯಾರು ಬೇಕಾದರೂ ಹೊಲಿಯುತ್ತಾರೆ. ಕಾಲರ್ ಎತ್ತಿದ ಚಿತ್ರ, ಹಿಂದಿನ ಕಾಜಾದ ಚಿತ್ರ, ತುದಿಗೆ ಟೇಪು ಹಿಡಿದ ಚಿತ್ರ ಕೇಳಿ. ಕೊಡಲು ಮೀನಮೇಷ ಎಣಿಸಿದರೆ ಬಿಟ್ಟುಬಿಡಿ. ನಾನು ಕೇಳಲಿಲ್ಲ.

ಕಾರ್ಡ್ ಕೊಟ್ಟ ಬ್ಯಾಂಕಿಗೆ ದೂರು ಕೊಟ್ಟಿದ್ದೇನೆ. ಇವತ್ತು ಬೆಳಿಗ್ಗೆ ನೋಡಿದರೆ ಅದೇ ಬಾಗಿದ ಕಾಲರಿನ ಚಿತ್ರ ಹಾಕಿ ಇನ್ನೆರಡು ಅಂಗಿಗಳನ್ನು ಮಾರಾಟಕ್ಕಿಟ್ಟಿದ್ದಾನೆ. ಒಂದು ನೀಲಿ, ಒಂದು ಪಟ್ಟೆಯದು.