ಜೇನು ಪೆಟ್ಟಿಗೆಗೆ ಮೇಲಂತಸ್ತು: ನಾಲ್ಕು ವರ್ಷ ಬಳಸಿದ ಮೇಲೆ

ಧಾರವಾಡದ ಪಶ್ಚಿಮಕ್ಕೆ, ಮುಗದ ಕಡೆ ನಮ್ಮದೊಂದು ಮಾವಿನ ತೋಟ ಇದೆ. ಅಲ್ಲಿ ನಾಲ್ಕು ವರ್ಷದಿಂದ ತುಡುವೆ ಜೇನು ಸಾಕುತ್ತಿದ್ದೇನೆ. ನನ್ನ ಹತ್ತಿರ ಇರುವುದು ಎಂಟು ಚೌಕಟ್ಟಿನ ಮರದ ಪೆಟ್ಟಿಗೆಗಳು. ಕೆಳಗೆ ಸಂಸಾರದ ಕೋಣೆ, ರಾಣಿ ಮೊಟ್ಟೆ ಇಡುವುದು ಅಲ್ಲಿ. ಅದರ ಮೇಲೆ ಜೇನುತುಪ್ಪಕ್ಕೆ ಅಂತಲೇ ಒಂದು ಗಿಡ್ಡ ಕೋಣೆ. ಇದಕ್ಕೆ ಎಲ್ಲರೂ ಸೂಪರ್ ಅನ್ನುತ್ತಾರೆ. ಪೆಟ್ಟಿಗೆ ಕೊಳ್ಳುವವರು ಮರ ಯಾವುದು, ಬೆಲೆ ಎಷ್ಟು ಅಂತ ಕೇಳುತ್ತಾರೆ. ಸೂಪರ್ ಯಾವಾಗ ಏರಿಸಬೇಕು ಅಂತ ಕೇಳುವವರು ಕಡಿಮೆ. ನಾನೂ ಕೇಳಿರಲಿಲ್ಲ. ಅದಕ್ಕೆ ಎರಡು ವರ್ಷದ ತುಪ್ಪ ಕಳೆದುಕೊಂಡೆ.

ಮೊದಲ ವರ್ಷ ಡಿಸೆಂಬರ್‌ನಲ್ಲೇ ಸೂಪರ್ ಇಟ್ಟುಬಿಟ್ಟೆ. ಪೆಟ್ಟಿಗೆ ಜೊತೆ ಬಂದಿತ್ತು, ಸುಮ್ನೆ ಯಾಕೆ ಮನೆಯಲ್ಲಿರಲಿ ಅಂತ. ಆಗ ಕುಟುಂಬದಲ್ಲಿ ನಾಲ್ಕೇ ಎರಿ (ಹುಳು ಚೌಕಟ್ಟಿನಲ್ಲಿ ಮೇಣದಿಂದ ಕಟ್ಟುವ ಹಲ್ಲೆ) ಇದ್ದವು. ಮರಿ ಇರುವ ಎರಿಯನ್ನು ಹುಳುಗಳು ಸುಮಾರು 35 ಡಿಗ್ರಿ ಬೆಚ್ಚಗೆ ಇಟ್ಟುಕೊಳ್ಳಬೇಕು. ಧಾರವಾಡದ ಡಿಸೆಂಬರ್ ರಾತ್ರಿ ನಿಮಗೆ ಗೊತ್ತಲ್ವಾ. ಕಾವೆಲ್ಲ ಖಾಲಿ ಕೋಣೆಗೆ ಏರಿ ಹೋಗುತ್ತಿತ್ತು. ಮರಿ ಹೆಚ್ಚಲಿಲ್ಲ. ಹುಳು ಕಾವಲಿಲ್ಲದ ಮೇಲಿನ ಚೌಕಟ್ಟಿಗೆ ಮೇಣದ ಪತಂಗ ಸೇರಿ ಬಲೆ ಕಟ್ಟಿತು. ಕಲಘಟಗಿಯಿಂದ ಬಂದ ನಮ್ಮ ಕಾಕಾ ಮುಚ್ಚಳ ತೆಗೆದು ನೋಡಿದವರೇ, "ತಮ್ಮಾ, ಕೆಳಗಿನ ಮನಿನ ತುಂಬಿಲ್ಲ, ಮ್ಯಾಲ ಅಟ್ಟ ಯಾರಿಗೆ ಹಾಕಿದಿ?" ಅಂದರು. ಅವತ್ತೇ ಸೂಪರ್ ಇಳಿಸಿದೆವು.

ಎರಡನೇ ವರ್ಷ ಉಲ್ಟಾ ಆಯಿತು. ಹೆದರಿ ತಡ ಮಾಡಿದೆ. ಮಾರ್ಚ್‌ನಲ್ಲಿ ನೇರಳೆ ಹೂ ಬಿಟ್ಟಿತ್ತು, ಹೊಂಗೆ ಮೊಗ್ಗಾಗಿತ್ತು. ಹುಳು ಬಾಗಿಲಲ್ಲಿ ಗಡ್ಡದ ಹಾಗೆ ಜೋತುಬಿದ್ದಿದ್ದವು. ನಾನು ಸೆಖೆಗೆ ಹೊರಗೆ ಬಂದಿವೆ ಅಂದುಕೊಂಡೆ. ಮನೆಯ ಮದುವೆ ಮುಗಿಸಿ ನಾಲ್ಕು ದಿನ ಬಿಟ್ಟು ಬಂದರೆ ಕುಟುಂಬ ಪಾಲಾಗಿ ಅರ್ಧ ಹುಳು ಹಳೇ ರಾಣಿ ಜೊತೆ ಹೋಗಿದ್ದವು. ಉಳಿದವು ಹೊಸ ರಾಣಿ ಮೊಟ್ಟೆ ಇಡುವವರೆಗೂ ಕಾದವು. ಅಷ್ಟರಲ್ಲಿ ಹೊಂಗೆ ಹೂ ಮುಗಿದಿತ್ತು.

ಈಗ ನಾನು ತಾರೀಕು ನೋಡುವುದಿಲ್ಲ. ಬೆಳಗ್ಗೆ ತಂಪಿದ್ದಾಗ, ಹುಳು ಹೊರಗೆ ಹೋಗುವ ಮೊದಲು ಮುಚ್ಚಳ ತೆಗೆಯುತ್ತೇನೆ. ಮಧ್ಯಾಹ್ನ ನೋಡಿದರೆ ಲೆಕ್ಕ ತಪ್ಪುತ್ತದೆ, ಹುಳು ಮೇಯಲು ಹೋಗಿರುತ್ತವೆ. ಎಂಟರಲ್ಲಿ ಏಳು ಚೌಕಟ್ಟಿಗೆ ಎರಿ ಕಟ್ಟಿರಬೇಕು. ಎರಡೂ ಮುಖದಲ್ಲಿ ಎರಿ ಕಾಣದಷ್ಟು ಹುಳು ಕೂತಿರಬೇಕು. ಮರಿಯ ಮೇಲೆ ತುಪ್ಪದ ಪಟ್ಟಿ ಅಗಲವಾಗಿ, ಬಾಯಿ ಮುಚ್ಚಿರಬೇಕು. ಇವುಗಳ ಜೊತೆ ಇನ್ನೊಂದು ಗುರುತಿದೆ, ನಾನು ಜಾಸ್ತಿ ನಂಬುವುದು ಅದನ್ನೇ: ಚೌಕಟ್ಟಿನ ಮೇಲ್ಪಟ್ಟಿಯ ಹತ್ತಿರ ಹಾಲಿನಂಥ ಬಿಳಿ ಹೊಸ ಮೇಣ. ಅದು ಕಂಡರೆ ಹುಳುಗಳಿಗೆ ಕಟ್ಟುವ ಹುರುಪಿದೆ, ತರುವುದಕ್ಕೆ ಹೂವೂ ಇದೆ ಅಂತ ಅರ್ಥ. ಆ ವಾರವೇ ಸೂಪರ್ ಏರಬೇಕು.

ಎರಿಯ ಕೆಳ ಅಂಚನ್ನೂ ನೋಡಿ. ನಡುವೆ ಸೂಜಿ ಚುಚ್ಚಿದಂಥ ತೂತಿರುವ ಉಬ್ಬಿದ ಮುಚ್ಚಳ ಕಂಡರೆ ಅವು ಗಂಡು ಹುಳದ ಮನೆ. ಅಷ್ಟಕ್ಕೆ ಗಾಬರಿ ಬೇಡ, ಕುಟುಂಬ ಬಲವಾಗಿದೆ ಅಷ್ಟೆ. ಶೇಂಗಾ ಕಾಯಿಯಂತೆ ಕೆಳಮುಖವಾಗಿ ಜೋತ ರಾಣಿ ಕೋಶ ಇದ್ದು, ಅದರ ಬಾಯಿಯೂ ಮುಚ್ಚಿದ್ದರೆ ತಡವಾಯಿತು. ಆಗ ಸೂಪರ್ ಇಟ್ಟರೂ ಅವು ನಿಲ್ಲುವುದಿಲ್ಲ. ನೀವೇ ಇನ್ನೊಂದು ಪೆಟ್ಟಿಗೆಗೆ ಪಾಲು ಮಾಡುವುದು ವಾಸಿ.

ನಮ್ಮ ಕಡೆ ಈ ಹೊತ್ತು ಬಹುತೇಕ ಫೆಬ್ರವರಿ ಕೊನೆಗೆ ಬರುತ್ತದೆ. ಮಳೆಗಾಲ ಮುಗಿದ ಮೇಲೆ ಗುರೆಳ್ಳು ಹೂವಿನಲ್ಲಿ ಕುಟುಂಬ ಚೇತರಿಸಿಕೊಳ್ಳುತ್ತದೆ. ನೇರಳೆ, ಹೊಂಗೆ, ಆಮೇಲೆ ಹುಣಸೆಯಲ್ಲಿ ತುಪ್ಪ ಕೂಡಿಸುತ್ತದೆ. ನವಲಗುಂದ, ಗದಗ ಕಡೆಯ ಎರೆ ಹೊಲದವರಿಗೆ ಇದೇ ಲೆಕ್ಕ ಹೊಂದುವುದಿಲ್ಲ. ಅಲ್ಲಿ ಕುಸುಬೆ, ಸೂರ್ಯಕಾಂತಿ ಹೂ ನೋಡಿಕೊಂಡು ಮುಂಚೆಯೇ ತಯಾರಾಗಬೇಕು. ಪಕ್ಕದ ಹೊಲದವರಿಗೆ ಮೊದಲೇ ಹೇಳಿಡಿ, ಹೂವಿದ್ದಾಗ ಔಷಧ ಹೊಡೆಯಲೇಬೇಕಾದರೆ ಸಂಜೆ ಹೊಡೆಯಲಿ. ಕೇಳಿದರೆ ಯಾರೂ ಇಲ್ಲ ಅನ್ನುವುದಿಲ್ಲ.

ಬರೀ ಖಾಲಿ ಚೌಕಟ್ಟು ಇಟ್ಟರೆ ಹುಳು ಮೇಲೆ ಹತ್ತುವುದಕ್ಕೆ ಹಿಂದೆ ಮುಂದೆ ನೋಡುತ್ತವೆ. ಕೆಳಗಿನ ಹಳೇ ಎರಿಯಿಂದ ಮರಿ ಇಲ್ಲದ ಒಂದು ತುಂಡು ಕತ್ತರಿಸಿ, ಸೂಪರ್‌ನ ನಡುವಿನ ಎರಡು ಚೌಕಟ್ಟಿಗೆ ಬಾಳೆ ನಾರಿನಿಂದ ಕಟ್ಟಿ. ಎರಡು ದಿನದಲ್ಲಿ ಅಂಟಿಸಿಕೊಂಡು ಕೆಲಸ ಶುರು ಮಾಡುತ್ತವೆ. ಹೋದ ವರ್ಷದ ತುಪ್ಪ ತೆಗೆದ ಎರಿ ಜೋಪಾನವಾಗಿ ಇಟ್ಟಿದ್ದರೆ ಇನ್ನೂ ಒಳ್ಳೆಯದು. ಮೇಣ ಮಾಡುವುದಕ್ಕೆ ಹುಳು ತುಂಬಾ ತುಪ್ಪ ತಿನ್ನಬೇಕು, ಆ ಖರ್ಚು ಉಳಿಯುತ್ತದೆ. ರಾಣಿ ಮೇಲೆ ಹತ್ತದಂತೆ ತಡೆಯುವ ಜಾಲರಿ ತಂದು ಒಂದು ಹಂಗಾಮು ನೋಡಿದೆ. ಹುಳುಗಳೇ ಹತ್ತಲು ಹಿಂಜರಿದವು, ತೆಗೆದೆ. ರಾಣಿ ಒಮ್ಮೆ ಮಾತ್ರ ಮೇಲೆ ಮೊಟ್ಟೆ ಇಟ್ಟಿದ್ದಾಳೆ. ಮರಿ ಹೊರಬರುವವರೆಗೆ ಕಾದರೆ ಆಯಿತು.

ಇನ್ನು ಪೆಟ್ಟಿಗೆಯ ಮಾತು. ಮರ ಗಟ್ಟಿಯಾಗಿದೆ, ನಾಲ್ಕು ಮಳೆಗಾಲ ತಡೆದಿದೆ. ಮುಚ್ಚಳದ ತಗಡು ಸೋರಿಲ್ಲ. ನನ್ನ ದೊಡ್ಡ ದೂರು ಅಳತೆ ಬಗ್ಗೆ. ಕೆಳಗಿನ ಚೌಕಟ್ಟಿನ ತಲೆಗೂ ಸೂಪರ್ ಚೌಕಟ್ಟಿನ ತಳಕ್ಕೂ ನಡುವೆ ಒಂದು ಹುಳು ಓಡಾಡುವಷ್ಟೇ ಜಾಗ ಇರಬೇಕು. ತುಡುವೆಗೆ ಅದು 7-8 ಮಿಲಿಮೀಟರ್. ಅದಕ್ಕಿಂತ ಜಾಸ್ತಿ ಇದ್ದರೆ ಎರಿ ಕಟ್ಟುತ್ತವೆ, ತೀರಾ ಕಡಿಮೆಯಾದರೆ ದಾರಿ ಮುಚ್ಚುತ್ತದೆ. ಅಮೆರಿಕದ ಲ್ಯಾಂಗ್‌ಸ್ಟ್ರಾತ್ 1851ರಲ್ಲಿ ಈ ಜಾಗದ ಗುಟ್ಟು ಹಿಡಿದ ಮೇಲೆಯೇ ಚೌಕಟ್ಟು ಎತ್ತಿ ನೋಡುವ ಇವತ್ತಿನ ಪೆಟ್ಟಿಗೆಗಳು ಬಂದದ್ದು. ನನಗೆ ಕೊಟ್ಟ ಒಂದು ಪೆಟ್ಟಿಗೆಯಲ್ಲಿ ಆ ಜಾಗ 15 ಮಿಲಿಮೀಟರ್ ಇತ್ತು. ಹುಳು ಅಲ್ಲಿ ಅಡ್ಡ ಎರಿ ಕಟ್ಟಿ ಎರಡೂ ಅಂತಸ್ತನ್ನು ಬೆಸೆದುಬಿಟ್ಟಿದ್ದವು. ಸೂಪರ್ ಎತ್ತಿದರೆ ಕೆಳಗಿನ ಮರಿ ಚೌಕಟ್ಟೂ ಕಿತ್ತು ಬಂತು. ಎರಿ ಹರಿದು ಮರಿ ಉದುರಿದ್ದನ್ನು ನೋಡಿ ಹೊಟ್ಟೆ ಕಲಸಿತು. ಮಾರಿದವರಿಗೆ ಫೋನ್ ಮಾಡಿದೆ, ಎಲ್ಲರಿಗೂ ಇದೇ ಅಳತೆ ಅಂದರು. ಕೊನೆಗೆ ಊರಿನ ಬಡಿಗೇರ ಅಣ್ಣನ ಹತ್ತಿರ ಹೋಗಿ ಸೂಪರ್‌ನ ಕೆಳ ಅಂಚು 7 ಮಿಲಿಮೀಟರ್ ಕೀಸಿಸಿದೆ. ಆಮೇಲೆ ಆ ಪೆಟ್ಟಿಗೆಯಲ್ಲಿ ತೊಂದರೆ ಇಲ್ಲ. ಹಣ ಕೊಡುವ ಮೊದಲು ಅಂಗಡಿಯಲ್ಲೇ ಎರಡೂ ಕೋಣೆ ಜೋಡಿಸಿ, ಪಟ್ಟಿ ಇಟ್ಟು ಅಳೆಯಿರಿ.

ಎರಡನೇ ಸೂಪರ್ ಬೇಕಾ ಅಂತ ಕೇಳುತ್ತಾರೆ. ತುಡುವೆಗೆ ಬಹಳ ಸಲ ಒಂದೇ ಸಾಕು. ಹೋದ ಏಪ್ರಿಲ್‌ನಲ್ಲಿ ಒಂದು ಕುಟುಂಬಕ್ಕೆ ಮಾತ್ರ ಬೇಕಾಯಿತು. ಮೊದಲನೆಯದು ಮುಕ್ಕಾಲು ತುಂಬಿದಾಗ ಅದನ್ನು ಎತ್ತಿ, ಖಾಲಿಯದನ್ನು ನಡುವೆ ಇಟ್ಟೆ. ತುಂಬಿದ್ದು ಮೇಲೆ ಹೋಯಿತು. ಸಂಸಾರಕ್ಕೆ ಹತ್ತಿರ ಇರುವ ಖಾಲಿ ಜಾಗಕ್ಕೆ ಹುಳು ಬೇಗ ಇಳಿಯುತ್ತವೆ. ಆ ಕುಟುಂಬ ಒಂದೇ ಹಂಗಾಮಿಗೆ ಆರು ಕಿಲೋ ಕೊಟ್ಟಿತು. ಪಕ್ಕದ್ದು ಎರಡೂವರೆ.

ತುಪ್ಪ ತೆಗೆಯಲು ಅವಸರ ಬೇಡ. ಎರಿಯ ಮುಕ್ಕಾಲು ಪಾಲು ಮೇಣದಿಂದ ಮುಚ್ಚಿದ ಮೇಲೆಯೇ ತೆಗೆಯಿರಿ. ಮುಚ್ಚದೆ ಇರುವುದು ಇನ್ನೂ ನೀರು ನೀರು, ಬಾಟಲಿಯಲ್ಲಿ ಹುಳಿ ಬರುತ್ತದೆ. ಮಾರುವುದಾದರೆ ನೀರಿನಂಶ ನೂರಕ್ಕೆ 20 ಮೀರಬಾರದು ಅಂತ ಆಹಾರ ಸುರಕ್ಷತೆಯ ನಿಯಮವೇ ಇದೆ. ಕೆಳಗಿನ ಕೋಣೆಯ ತುಪ್ಪ ಮಾತ್ರ ಮುಟ್ಟಬೇಡಿ, ಅದು ಹುಳುಗಳ ಮಳೆಗಾಲದ ಊಟ. ತೀರಾ ಸೋತ ತುಡುವೆ ಮನೆಯನ್ನೇ ಬಿಟ್ಟು ಹೋಗುತ್ತದೆ.

ಜೂನ್ ಮಳೆ ಹಿಡಿಯುವ ಮೊದಲು ಸೂಪರ್ ಇಳಿಸುತ್ತೇನೆ. ಎರಿ ಇರುವ ಚೌಕಟ್ಟನ್ನು ಪ್ಲಾಸ್ಟಿಕ್ ಚೀಲದಲ್ಲಿ ಬಿಗಿಯಾಗಿ ಕಟ್ಟಿ ಎರಡು ದಿನ ಫ್ರಿಜ್‌ನ ಐಸ್ ಆಗುವ ಖಾನೆಯಲ್ಲಿ ಇಟ್ಟರೆ ಪತಂಗದ ಮೊಟ್ಟೆ ಸಾಯುತ್ತದೆ. ಮನೆಯವರ ಒಪ್ಪಿಗೆ ಬೇಕು, ನಮ್ಮಲ್ಲಿ ಅವ್ವ ಒಂದು ಬದಿ ಖಾಲಿ ಮಾಡಿಕೊಡುತ್ತಾರೆ.

ಮತ್ತೆ ಕೊಳ್ಳುತ್ತೇನಾ? ಹೌದು, ಇದೇ ಎಂಟು ಚೌಕಟ್ಟಿನದು. ಆದರೆ ಎರಡು ಪೆಟ್ಟಿಗೆಗೆ ಮೂರು ಸೂಪರ್ ಸೇರಿಸಿ, ಅಳತೆ ನೋಡಿ. ಈ ಸಲದ್ದಕ್ಕೆ ಬಾಳೆ ನಾರು ಈಗಲೇ ಒಣಗಲು ಹಾಕಿದ್ದೇನೆ.